ಯಾವಾಗಿಂದ ಇದೆ ಈ ಕಾಯಿಲೆ?

ಡಾಕ್ಟ್ರ ಹತ್ರ ಹೋದ ತಕ್ಷಣ ಕೇಳೋ ಮೊದಲ್ನೇ ಪ್ರಶ್ನೆ ಇದೇ, ಯಾವಾಗಿಂದ ಇದೆ? ನಾವೂ ಏನೋ ಒಂದು ಲೆಕ್ಕ ಹೇಳ್ತೀವಿ, ಹದಿನೈದು ದಿನ ಆಯ್ತು, ಆರು ತಿಂಗ್ಳಿಂದ ಅನ್ಸುತ್ತೆ, ಹೋದ ವರ್ಷ ಟೆಸ್ಟ್ ಮಾಡಿಸಿದಾಗ ಎಲ್ಲಾ ನಾರ್ಮಲ್ ಇತ್ತಲ್ಲಾ ಅಂತ. ಆದ್ರೆ ಒಬ್ಬ ಮನುಷ್ಯನ್ನ ಹುಟ್ಟಿದ ದಿನದಿಂದ ಎಪ್ಪತ್ತು ವರ್ಷದ ತನಕ ಬಿಡದೆ ಗಮನಿಸ್ತಾ ಬಂದಿರೋ ಸಂಶೋಧಕರ ಹತ್ರ ಇದೇ ಪ್ರಶ್ನೆ ಕೇಳಿದ್ರೆ ಬರೋ ಉತ್ತರ ಬೇರೆ. 60ಕ್ಕೆ ಕಾಣಿಸ್ಕೊಂಡ ಕಾಯಿಲೆ 40ಕ್ಕೇ ಶುರುವಾಗಿತ್ತು ಅಂತಾರೆ, ಕೆಲವು ಸಲ 14ಕ್ಕೆ ಅಂತಾರೆ, ಕೆಲವು ಸಲ ತಾಯಿ ಹೊಟ್ಟೇಲಿದ್ದಾಗ್ಲೇ ಅದಕ್ಕೆ ಬುನಾದಿ ಬಿದ್ದಿತ್ತು ಅಂತಾರೆ. ಮೊದಲ ಸಲ ಇದನ್ನ ಓದಿದಾಗ ನಂಗೆ ಸ್ವಲ್ಪ ಭಯಾನೇ ಆಗಿತ್ತು, ಎಲ್ಲಾ ಮೊದ್ಲೇ ಬರೆದಿಟ್ಟಾಗಿದೆ ಅನ್ನೋ ಥರ ಕೇಳ್ಸುತ್ತಲ್ಲ. ಆದ್ರೆ ಪೂರ್ತಿ ಓದ್ತಾ ಹೋದ್ರೆ ಇದೇ ಸಂಶೋಧನೆ ಹೇಳೋ ಇನ್ನೊಂದು ಮಾತೂ ಇದೆ, ಅದನ್ನ ಬಿಟ್ಟು ಅರ್ಧ ಮಾತ್ರ ಹೇಳೋರೇ ಜಾಸ್ತಿ ಆಗಿರೋದ್ರಿಂದ ಇದನ್ನ ಬರೀಬೇಕು ಅನ್ನಿಸ್ತು.

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳೋಣ, ಇಡೀ ಆಯಸ್ಸಿನ ಆರೋಗ್ಯ ಹೇಗೆ ನಡೆಯುತ್ತೆ ಅಂತ ತಿಳ್ಕೊಳೋದು ಯಾಕಿಷ್ಟು ಕಷ್ಟ. ಸುಲಭದ ದಾರಿ ಅಂದ್ರೆ ಇವತ್ತು 30 ವರ್ಷದ ಒಂದಷ್ಟು ಜನ, 50ರವರು ಒಂದಷ್ಟು, 70ರವರು ಒಂದಷ್ಟು ಜನರನ್ನ ಕರ್ದು ಟೆಸ್ಟ್ ಮಾಡಿ ಹೋಲಿಸ್ಬಿಡೋದು. ಆದ್ರೆ ಇದ್ರಲ್ಲಿ ದೊಡ್ಡ ಮೋಸ ಇದೆ. ಇವತ್ತಿನ 70 ವರ್ಷದವರು ಬೆಳೆದ ಕಾಲಾನೇ ಬೇರೆ, ಅವರಿಗೆ ಸಿಕ್ಕ ಊಟ ಬೇರೆ, ಓದು ಬೇರೆ, ಲಸಿಕೆ ಬೇರೆ. ಅವರು 30ರವರಿಗಿಂತ ಗಿಡ್ಡ ಇದಾರೆ ಅಂದ್ರೆ ವಯಸ್ಸಾಗ್ತಾ ಅಷ್ಟೊಂದು ಕುಗ್ಗಿದ್ರು ಅಂತಲ್ಲ, ಮೊದ್ಲಿಂದ್ಲೂ ಅವರ ತಲೆಮಾರು ಅಷ್ಟು ಎತ್ತರ ಬೆಳೆದೇ ಇರ್ಲಿಲ್ಲ. ಬುದ್ಧಿಶಕ್ತಿ ವಿಷಯದಲ್ಲೂ ಇದೇ ತಪ್ಪು ಬಹಳ ವರ್ಷ ನಡೀತು, 30 ದಾಟಿದ್ಮೇಲೆ ಎಲ್ಲಾ ಇಳಿಮುಖ ಅಂತ ನಂಬಿದ್ರು. ವಾರ್ನರ್ ಶಾಯ್ ಅನ್ನೋ ಮನಶ್ಶಾಸ್ತ್ರಜ್ಞರು ಅಮೆರಿಕದ ಸಿಯಾಟಲ್‌ನಲ್ಲಿ 1956ರಲ್ಲಿ ಶುರು ಮಾಡಿ ಪ್ರತಿ 7 ವರ್ಷಕ್ಕೊಂದ್ಸಲ ಅದೇ ಜನರನ್ನ ಮತ್ತೆ ಮತ್ತೆ ಪರೀಕ್ಷೆ ಮಾಡಿ ನೋಡಿದಾಗ, ಶಬ್ದಭಂಡಾರ, ತರ್ಕದಂಥ ಸುಮಾರು ಸಾಮರ್ಥ್ಯಗಳು 60ರ ತನಕ ಚೆನ್ನಾಗೇ ಉಳ್ಕೊಳುತ್ವೆ ಅಂತ ಗೊತ್ತಾಯ್ತು. ವಯಸ್ಸಿನದು ಅಂತ ತಿಳ್ಕೊಂಡಿದ್ರಲ್ಲಿ ಸುಮಾರು ಪಾಲು ತಲೆಮಾರಿನ ವ್ಯತ್ಯಾಸ ಆಗಿತ್ತು.

ಹಂಗಾಗಿ ಬೇರೆ ದಾರಿ ಇಲ್ಲ, ಅದೇ ಮನುಷ್ಯರನ್ನ ವರ್ಷಗಟ್ಲೆ ಹಿಂಬಾಲಿಸ್ಬೇಕು. ಇದಕ್ಕೆ ಕೋಹಾರ್ಟ್ ಸ್ಟಡಿ ಅಂತಾರೆ. ಬ್ರಿಟನ್ನಿನಲ್ಲಿ 1946ರ ಮಾರ್ಚ್ ತಿಂಗ್ಳ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳಲ್ಲಿ 5,362 ಜನರನ್ನ ಆರಿಸ್ಕೊಂಡು ಜೇಮ್ಸ್ ಡಗ್ಲಸ್ ಅನ್ನೋ ಡಾಕ್ಟ್ರು ಶುರು ಮಾಡಿದ ಸ್ಟಡಿ ಇವತ್ತಿಗೂ ನಡೀತಿದೆ. ಮೊದಲು ಅವರಿಗಿದ್ದ ಉದ್ದೇಶ ಚಿಕ್ಕದು, ಹೆರಿಗೆಗೆ ಎಷ್ಟು ಖರ್ಚಾಗುತ್ತೆ, ಬಾಣಂತಿಯರಿಗೆ ಆರೈಕೆ ಹೇಗೆ ಸಿಗ್ತಿದೆ, ಜನ ಯಾಕೆ ಕಡಿಮೆ ಮಕ್ಕಳು ಮಾಡ್ಕೋತಿದಾರೆ ಅಂತ ನೋಡೋದು ಅಷ್ಟೇ. ಆಮೇಲೆ ಆ ಮಕ್ಕಳು ಸ್ಕೂಲಿಗೆ ಹೋದ್ರು, ಕೆಲಸಕ್ಕೆ ಸೇರಿದ್ರು, ಮದುವೆ ಆದ್ರು, ರಿಟೈರ್ ಆದ್ರು, ಪ್ರತಿ ಹಂತದಲ್ಲೂ ಯಾರೋ ಒಬ್ರು ಬಂದು ಅಳೆದು ಬರ್ಕೊಂಡು ಹೋದ್ರು. ಅವರ ಹುಟ್ಟುಹಬ್ಬಕ್ಕೆ ಸ್ಟಡಿ ಕಡೆಯಿಂದ ಗ್ರೀಟಿಂಗ್ ಕಾರ್ಡ್ ಹೋಗುತ್ತೆ. ಇದೇ ಗುಂಪಿನ ದತ್ತಾಂಶ ಇಟ್ಕೊಂಡು 2023ರಲ್ಲಿ ಒಂದು ಲೆಕ್ಕ ಪ್ರಕಟ ಆಯ್ತು, 2 ವರ್ಷದೊಳಗೆ ನ್ಯುಮೋನಿಯಾ, ಬ್ರಾಂಕೈಟಿಸ್ ಥರದ ಎದೆ ಸೋಂಕು ಬಂದಿದ್ದ ಮಕ್ಕಳು ಮುಂದೆ 26ರಿಂದ 73ರ ವಯಸ್ಸಿನೊಳಗೆ ಶ್ವಾಸಕೋಶದ ಕಾಯಿಲೆಯಿಂದ ಸಾಯೋ ಸಾಧ್ಯತೆ ಉಳಿದವರಿಗಿಂತ ಹತ್ತಿರತ್ತಿರ ಎರಡು ಪಟ್ಟು. ಸಿಗರೇಟು, ಬಡತನ, ಕಿಷ್ಕಿಂಧೆಯಂಥ ಮನೆ ಇದನ್ನೆಲ್ಲ ಲೆಕ್ಕದಲ್ಲಿ ಕಳೆದ್ಮೇಲೂ ಈ ವ್ಯತ್ಯಾಸ ಉಳೀತು. ಯೋಚ್ನೆ ಮಾಡಿ, ಎಪ್ಪತ್ತಕ್ಕೆ ಬಂದ ಉಬ್ಬಸಕ್ಕೆ ಕಾರಣ ಹುಡುಕ್ತಾ ಹೋದ್ರೆ, ತನಗೇ ನೆನಪಿಲ್ದೇ ಇರೋ ಕೂಸಿನ ವಯಸ್ಸಿನ ಕೆಮ್ಮು ಸಿಗುತ್ತೆ.

ಹೊಟ್ಟೇಲಿದ್ದಾಗಿಂದ್ಲೇ ಅನ್ನೋ ಮಾತು ಎಲ್ಲಿಂದ ಬಂತು ಅನ್ನೋದು ಇನ್ನೂ ಸ್ವಾರಸ್ಯ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಅನ್ನೋ ಜಿಲ್ಲೇಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಅನ್ನೋ ನರ್ಸ್ ಮತ್ತೆ ಅವರ ಕೈಕೆಳಗಿನವರು ಮನೆಮನೆಗೆ ಹೋಗಿ, ಹುಟ್ಟಿದ ಮಗು ತೂಕ ಎಷ್ಟು, ಒಂದು ವರ್ಷಕ್ಕೆ ಎಷ್ಟಾಯ್ತು, ಎದೆಹಾಲು ಕುಡೀತಿತ್ತಾ ಇಲ್ವಾ ಅಂತೆಲ್ಲ ರಿಜಿಸ್ಟರಲ್ಲಿ ಬರೆದಿಡ್ತಿದ್ರು. ಆ ಪುಸ್ತಕಗಳು ಎಲ್ಲೋ ಧೂಳು ಹಿಡ್ಕೊಂಡು ಕೂತಿದ್ವು. ಡೇವಿಡ್ ಬಾರ್ಕರ್ ಅನ್ನೋ ಸಂಶೋಧಕರು ಅವನ್ನ ಪತ್ತೆ ಮಾಡಿಸಿ, ಅದರಲ್ಲಿದ್ದ ಗಂಡುಮಕ್ಕಳು ಮುಂದೆ ಏನಾದ್ರು ಅಂತ ಒಬ್ಬೊಬ್ಬರದ್ದೇ ಹುಡುಕಿದ್ರು. 1911ರಿಂದ 1930ರೊಳಗೆ ಹುಟ್ಟಿದ 5,654 ಜನರ ಲೆಕ್ಕ ಸಿಕ್ತು, 1989ರಲ್ಲಿ ಪ್ರಕಟ ಮಾಡಿದ್ರು. ಹುಟ್ಟಿದಾಗ ಮತ್ತೆ ಒಂದು ವರ್ಷಕ್ಕೆ ತೂಕ ತೀರಾ ಕಡಿಮೆ ಇದ್ದವರಲ್ಲೇ ಹೃದಯದ ಕಾಯಿಲೆಯಿಂದ ಸತ್ತವರು ಹೆಚ್ಚು. ಆವಾಗ ಎಲ್ರೂ ಹಾರ್ಟ್ ಅಟ್ಯಾಕ್ ಅಂದ್ರೆ ದೊಡ್ಡವರಾದ್ಮೇಲೆ ಜಿಡ್ಡು ತಿಂದು, ಸಿಗರೇಟ್ ಸೇದಿ ತಂದ್ಕೊಳೋದು ಅಂತಲೇ ನಂಬಿದ್ರು, ಹಂಗಾಗಿ ಬಾರ್ಕರ್ ಮಾತನ್ನ ಸುಮಾರು ಜನ ಒಪ್ಪಲೇ ಇಲ್ಲ. ಬಡವರ ಮನೆ ಮಕ್ಕಳು ತೂಕ ಕಡಿಮೆ ಇರ್ತಾರೆ, ಬಡವರಾಗೇ ಬೆಳೀತಾರೆ, ಬಡತನದಿಂದ್ಲೇ ಸಾಯ್ತಾರೆ, ಇದ್ರಲ್ಲಿ ಗರ್ಭದ ಪಾತ್ರ ಏನು ಅಂತ ಕೇಳಿದ್ರು. ಅದು ನ್ಯಾಯವಾದ ಪ್ರಶ್ನೆನೇ.

ಅದಕ್ಕೆ ಸ್ವಲ್ಪ ಮಟ್ಟಿಗೆ ಉತ್ತರ ಸಿಕ್ಕಿದ್ದು ಒಂದು ಘೋರ ದುರಂತದಿಂದ. 1944-45ರ ಚಳಿಗಾಲದಲ್ಲಿ ನಾಜಿ ಸೈನ್ಯ ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆದಾಗ ಅಲ್ಲಿನ ರೇಷನ್ ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗಿಳೀತು, ಕೆಲವು ಸಮಯ 400ರಿಂದ 800. ಬಡವರಿಗೂ ಹಸಿವು, ಇದ್ದವರಿಗೂ ಹಸಿವು. ಬರಗಾಲ ಕೆಲವೇ ತಿಂಗ್ಳು ಇದ್ದು ಮೇ ತಿಂಗ್ಳಲ್ಲಿ ಮುಗೀತು, ಹಂಗಾಗಿ ಯಾವ ಮಗು ಗರ್ಭದ ಯಾವ ತಿಂಗ್ಳಲ್ಲಿ ಹಸಿವು ಕಂಡಿತ್ತು ಅಂತ ಬಿಡಿಸಿ ನೋಡೋಕೆ ಆಯ್ತು. ಕೊನೇ ತಿಂಗ್ಳುಗಳಲ್ಲಿ ಹಸಿವಿಗೆ ಸಿಕ್ಕಿದ ಮಕ್ಕಳು ಸಣ್ಣಗೆ ಹುಟ್ಟಿದ್ರು. ಮೊದಲ ತಿಂಗ್ಳುಗಳಲ್ಲಿ ಸಿಕ್ಕಿದವರು ಹುಟ್ಟುವಾಗ ತೂಕ ಸರಿಯಾಗೇ ಇತ್ತು, ನೋಡೋಕೆ ಏನೂ ಕೊರತೆ ಇಲ್ಲ, ಆದ್ರೆ ದೊಡ್ಡವರಾದ್ಮೇಲೆ ಅವರಲ್ಲಿ ಹೃದಯದ ಕಾಯಿಲೆ ಜಾಸ್ತಿ, ಸ್ಕಿಜೋಫ್ರೀನಿಯಾ ಅನ್ನೋ ಮಾನಸಿಕ ಕಾಯಿಲೆ ಸುಮಾರು ಎರಡು ಪಟ್ಟು ಜಾಸ್ತಿ ಕಾಣಿಸ್ತು. ಮೈಯಿಗೆ ಸಿಗದ ಊಟ ಮನಸ್ಸಿನ ಕಾಯಿಲೆಗೂ ದಾರಿ ಮಾಡ್ತು ಅಂದ್ರೆ, ಇದು ದೇಹದ್ದು ಇದು ಮನಸ್ಸಿನದು ಅಂತ ನಾವು ಹಾಕೋ ಗೆರೆ ಎಷ್ಟು ತೆಳು ಅಂತ ಗೊತ್ತಾಗುತ್ತೆ. 2008ರಲ್ಲಿ ಇದೇ ಜನರ ರಕ್ತ ತೆಗೆದು, ಹಸಿವು ಕಾಣದ ಅವರ ಒಡಹುಟ್ಟಿದವರ ಜೊತೆ ಹೋಲಿಸಿದಾಗ, ಬೆಳವಣಿಗೆಗೆ ಸಂಬಂಧಪಟ್ಟ ಒಂದು ಜೀನ್ ಮೇಲಿರೋ ರಾಸಾಯನಿಕ ಗುರುತುಗಳಲ್ಲಿ ಆರು ದಶಕ ಆದ್ಮೇಲೂ ವ್ಯತ್ಯಾಸ ಸಿಕ್ತು. ಜೀನ್ ಅದೇ ಇರುತ್ತೆ, ಅದು ಎಷ್ಟು ಕೆಲಸ ಮಾಡ್ಬೇಕು ಅಂತ ಹೇಳೋ ಗುರುತು ಬದಲಾಗಿರುತ್ತೆ. ಎಪಿಜೆನೆಟಿಕ್ಸ್ ಅಂತ ಕೇಳಿರ್ತೀರಲ್ಲ, ಅದು ಇದೇ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಈ ಸಂಶೋಧನೆ ಹಿಡ್ಕೊಂಡು ತಾಯಂದಿರನ್ನ ದೂರೋದು ನಡೀತಿದೆ, ಬಸುರೀಲಿ ನೀನು ಸರಿಯಾಗಿ ತಿಂದಿಲ್ಲ, ನೀನು ಟೆನ್ಷನ್ ಮಾಡ್ಕೊಂಡೆ, ಅದಕ್ಕೇ ಮಗು ಹಿಂಗೆ ಅಂತ. ಆ ನೆದರ್‌ಲ್ಯಾಂಡ್ಸ್‌ನ ತಾಯಂದಿರು ಹಸಿವನ್ನ ಆರಿಸ್ಕೊಂಡಿದ್ರಾ? ಈ ಲೆಕ್ಕಗಳೆಲ್ಲ ಸಾವಿರಾರು ಜನರ ಸರಾಸರಿ, ಒಂದು ಮಗುವಿನ ಹಣೆಬರಹ ಅಲ್ಲ. ಬಸುರಿ ಹೆಂಗಸಿಗೆ ಊಟ, ವಿಶ್ರಾಂತಿ, ನೆಮ್ಮದಿ ಸಿಗೋ ಹಾಗೆ ನೋಡ್ಕೊಳೋದು ಸುತ್ತಲಿನವರ ಮತ್ತೆ ಸರ್ಕಾರಗಳ ಕೆಲಸ ಅಂತ ಹೇಳೋ ಸಂಶೋಧನೆಯನ್ನ ತಿರುಗಿಸಿ ಅವಳ ಮೇಲೇ ಹಾಕಿದ್ರೆ ನಂಗಂತೂ ಸಿಟ್ಟು ಬರುತ್ತೆ.

ಸರಿ, ಮಗು ಹುಟ್ತು. ಗರ್ಭದಿಂದ ಎರಡನೇ ಹುಟ್ಟುಹಬ್ಬದ ತನಕ ಸುಮಾರು 1,000 ದಿನ, ಆ ಅವಧಿ ಮುಖ್ಯ ಅಂತ ಎಲ್ಲಾ ಕಡೆ ಹೇಳ್ತಾರೆ, ಊಟ ಮತ್ತೆ ಲಸಿಕೆ ವಿಷಯದಲ್ಲಿ ಎಲ್ರಿಗೂ ಗೊತ್ತಿರೋದೇ. ಗೊತ್ತಿಲ್ದೇ ಇರೋದು ಏನಂದ್ರೆ, ಎತ್ತಿಕೊಳ್ಳೋ ಕೈ, ಅತ್ತಾಗ ಓಡಿ ಬರೋ ಒಬ್ರು, ಇದು ಕೂಡ ಮೆದುಳಿಗೆ ಊಟದಷ್ಟೇ ಬೇಕು ಅನ್ನೋದು. ರೊಮೇನಿಯಾ ದೇಶದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳನ್ನ ಇಟ್ಕೊಂಡು 2000ದ ಆಸುಪಾಸಿನಲ್ಲಿ ಒಂದು ಅಧ್ಯಯನ ಶುರುವಾಯ್ತು. ಅಲ್ಲಿ ಊಟ ಬಟ್ಟೆ ಇತ್ತು, ಆದ್ರೆ ಒಬ್ಬ ಆಯಾಗೆ ಎಷ್ಟೋ ಮಕ್ಕಳು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳನ್ನ ತರಬೇತಿ ಕೊಟ್ಟ ಸಾಕು ಕುಟುಂಬಗಳಿಗೆ ಕಳಿಸಿದ್ರು. ಉಳಿದವರನ್ನ ಯಾಕೆ ಬಿಟ್ರು ಅಂತ ಕರುಳು ಚುರ್ ಅನ್ನುತ್ತೆ, ಆದ್ರೆ ಆ ಹೊತ್ತಿಗೆ ಅಲ್ಲಿ ಸಾಕು ಕುಟುಂಬದ ವ್ಯವಸ್ಥೆನೇ ಹೆಚ್ಚು ಕಡಿಮೆ ಇರ್ಲಿಲ್ಲ, ಮನೆ ಸಿಕ್ಕ ಯಾವ ಮಗುನೂ ಅವರು ತಡೀಲಿಲ್ಲ. ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ, ಜನರ ಜೊತೆ ಹೊಂದ್ಕೊಳೋದು ಎಲ್ಲಾ ಸುಧಾರಿಸ್ತು, ಅದರಲ್ಲೂ 2 ವರ್ಷದೊಳಗೆ ಹೋದವರಲ್ಲಿ ಹೆಚ್ಚು ಸುಧಾರಿಸ್ತು. ತಡವಾಗಿ ಹೋದವರಿಗೆ ಏನೂ ಸಿಗ್ಲಿಲ್ಲ ಅಂತಲ್ಲ, ಕಮ್ಮಿ ಸಿಕ್ತು.

ಬಾಲ್ಯದ ಬಗ್ಗೆ ಜನರಲ್ಲಿ ಜಾಸ್ತಿ ಹರಿದಾಡಿರೋದು ಇನ್ನೊಂದು ಸ್ಟಡಿ. ವಿನ್ಸೆಂಟ್ ಫೆಲಿಟ್ಟಿ ಅನ್ನೋ ಡಾಕ್ಟ್ರು ಅಮೆರಿಕದಲ್ಲಿ ಬೊಜ್ಜು ಕರಗಿಸೋ ಕ್ಲಿನಿಕ್ ನಡೆಸ್ತಿದ್ರು, ಅಲ್ಲಿ ಚೆನ್ನಾಗಿ ತೂಕ ಇಳಿಸ್ಕೊಳ್ತಿದ್ದವರೇ ಮಧ್ಯದಲ್ಲಿ ಬಿಟ್ಟು ಹೋಗ್ತಿದ್ರು. ಯಾಕೆ ಅಂತ ಕೂತು ಮಾತಾಡ್ಸಿದಾಗ ಅವರಲ್ಲಿ ತುಂಬಾ ಜನ ಚಿಕ್ಕವರಿದ್ದಾಗ ಲೈಂಗಿಕ ಹಿಂಸೆ ಅನುಭವಿಸಿದ್ದು ಗೊತ್ತಾಯ್ತು. ಆಮೇಲೆ ರಾಬರ್ಟ್ ಆಂಡಾ ಅನ್ನೋ ಸಂಶೋಧಕರ ಜೊತೆ ಸೇರಿ 17,000ಕ್ಕೂ ಹೆಚ್ಚು ಜನರನ್ನ ಬಾಲ್ಯದ ಬಗ್ಗೆ ಕೇಳಿದ್ರು, ಹೊಡೆತ, ಬೈಗುಳ, ಮನೇಲಿ ಕುಡುಕರು, ಅಮ್ಮನಿಗೆ ಹೊಡಿಯೋದು ನೋಡಿದ್ದು, ಮನೆಯವರು ಜೈಲಿಗೆ ಹೋಗಿದ್ದು ಈ ಥರ. 1998ರಲ್ಲಿ ಬಂದ ಮೊದಲ ವರದಿ ಪ್ರಕಾರ, ಇಂಥ ನಾಲ್ಕು ಅಥವಾ ಜಾಸ್ತಿ ಅನುಭವ ಇದ್ದವರಲ್ಲಿ, ಒಂದೂ ಇಲ್ಲದವರಿಗೆ ಹೋಲಿಸಿದ್ರೆ ಕುಡಿತದ ಚಟ, ಡ್ರಗ್ಸ್, ಡಿಪ್ರೆಷನ್, ಆತ್ಮಹತ್ಯೆ ಪ್ರಯತ್ನ ಇವೆಲ್ಲ 4ರಿಂದ 12 ಪಟ್ಟು ಜಾಸ್ತಿ. ಜೊತೆಗೆ ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆನೂ ಜಾಸ್ತಿ. ದಾರಿ ಹೇಗೆ ಅಂದ್ರೆ, ಮನೆಯಲ್ಲಿ ಯಾವಾಗ ಏನಾಗುತ್ತೋ ಅಂತ ಮಗು ಸದಾ ಎಚ್ಚರದಲ್ಲಿದ್ರೆ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಏರೋದು ಇಳಿಯೋದು ಲಯ ತಪ್ಪುತ್ತೆ, ಸಣ್ಣ ಉರಿಯೂತ ಮೈಯಲ್ಲಿ ಉಳ್ಕೊಳುತ್ತೆ, ಇದು ಒಂದು ದಾರಿ. ಇನ್ನೊಂದು, ಆ ನೋವು ಮರೆಯೋಕೆ ಸಿಗರೇಟು, ಕುಡಿತ, ಊಟ ಹಿಡ್ಕೊಳೋದು. ಫೆಲಿಟ್ಟಿಯವರ ರೋಗಿಗಳಿಗೆ ಬೊಜ್ಜು ಅನ್ನೋದು ಒಂದು ರಕ್ಷಣೆ ಆಗಿತ್ತು. ಅಂಥವರಿಗೆ ಹೋಗಿ ನಿಮಗೆ ಕಂಟ್ರೋಲ್ ಇಲ್ಲ ಅಂದ್ರೆ ಏನು ಪ್ರಯೋಜನ. ಹಾಂ, ಈ ಪ್ರಶ್ನೆಪಟ್ಟಿ ಈಗ ಎಲ್ಲಾ ಕಡೆ ಸಿಗುತ್ತೆ, ಜನ ತಮ್ಮ ಸ್ಕೋರ್ ಹಾಕ್ಕೊಂಡು ನಂದು 5 ಬಂತು ನಾನು ಮುಗೀತು ಅಂದ್ಕೊಳ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಇದು ಒಬ್ಬೊಬ್ಬರ ಭವಿಷ್ಯ ಹೇಳೋ ಸಾಧನ ಅಲ್ಲ ಅಂತ ಆಂಡಾ ಅವರೇ 2020ರಲ್ಲಿ ಬರೆದಿದಾರೆ.

ಹದಿಹರೆಯ ದಾಟೋಣ ಅಂದ್ರೆ ಅಲ್ಲೇ ಸ್ವಲ್ಪ ನಿಲ್ಬೇಕು, ಯಾಕಂದ್ರೆ ಮೈಗೆ ಅದು ಗಟ್ಟಿಯಾದ ಕಾಲ, ಕಾಯಿಲೆ ಕಸಾಲೆ ಕಮ್ಮಿ, ಹಂಗಾಗಿ ಆರೋಗ್ಯದ ಲೆಕ್ಕದಲ್ಲಿ ಈ ವಯಸ್ಸನ್ನ ಎಲ್ರೂ ಮರೆತುಬಿಡ್ತಿದ್ರು. 2005ರಲ್ಲಿ ರೊನಾಲ್ಡ್ ಕೆಸ್ಲರ್ ಮತ್ತೆ ಜೊತೆಯವರು ಅಮೆರಿಕದ 9,282 ವಯಸ್ಕರ ಸಮೀಕ್ಷೆಯಿಂದ ತೋರಿಸಿದ್ದು ಏನಂದ್ರೆ, ಜೀವನದಲ್ಲಿ ಯಾವತ್ತಾದ್ರೂ ಬರೋ ಮಾನಸಿಕ ಸಮಸ್ಯೆಗಳಲ್ಲಿ ಅರ್ಧದಷ್ಟು 14ರೊಳಗೆ ಶುರುವಾಗುತ್ತೆ, ಮುಕ್ಕಾಲು ಭಾಗ 24ರೊಳಗೆ. ಚಿಕಿತ್ಸೆಗೆ ಬರೋದು ಎಷ್ಟೋ ವರ್ಷ ಆದ್ಮೇಲೆ. ಹೃದಯದ ಕಾಯಿಲೆಗೆ ಹೋಲಿಸಿದ್ರೆ ಇದು ತಲೆಕೆಳಗಾದ ಲೆಕ್ಕ, ಅದು ಮುಪ್ಪಿನಲ್ಲಿ ಬರೋದು, ಇದು ಓದೋ ವಯಸ್ಸಲ್ಲಿ, ಸ್ನೇಹ ಪ್ರೀತಿ ಕೆಲಸ ಎಲ್ಲಾ ಕಟ್ಕೊಳೋ ವಯಸ್ಸಲ್ಲಿ ಬಂದು ಹಿಡ್ಕೊಳುತ್ತೆ. 14ರ ಹುಡುಗ ರೂಮಲ್ಲೇ ಕೂತ್ಕೊಂಡ್ರೆ ವಯಸ್ಸಿನ ಪ್ರಭಾವ ಸರಿ ಹೋಗುತ್ತೆ ಅಂತ ಬಿಡ್ತೀವಿ, ಕೆಲವರದು ಹೋಗುತ್ತೆ, ಎಲ್ಲರದ್ದೂ ಹೋಗಲ್ಲ.

ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ ಸ್ಟಡಿ ಬಗ್ಗೆ ಹೇಳ್ದೆ ಮುಂದೆ ಹೋಗೋಕಾಗಲ್ಲ, ನಂಗೆ ತುಂಬಾ ಇಷ್ಟವಾದ ಅಧ್ಯಯನ ಇದು. 1972-73ರಲ್ಲಿ ಅಲ್ಲಿ ಹುಟ್ಟಿದ 1,037 ಮಕ್ಕಳು. ಇಂಥ ಅಧ್ಯಯನಗಳ ದೊಡ್ಡ ಶತ್ರು ಅಂದ್ರೆ ಜನ ಕಳೆದುಹೋಗೋದು, ವಿಳಾಸ ಬದಲಾಗುತ್ತೆ, ಬೇಜಾರಾಗುತ್ತೆ, ಬರೋದು ನಿಲ್ಲಿಸ್ತಾರೆ, ಮತ್ತೆ ಹಾಗೆ ಬಿಟ್ಟು ಹೋಗೋರು ಸಾಮಾನ್ಯವಾಗಿ ಕಷ್ಟದಲ್ಲಿರೋರೇ, ಹಂಗಾಗಿ ಉಳಿದವರನ್ನ ನೋಡಿ ಎಲ್ಲಾ ಚೆನ್ನಾಗಿದೆ ಅಂತ ತಪ್ಪು ತಿಳ್ಕೊಳೋ ಅಪಾಯ. ಇವರು ಸದಸ್ಯರು ಪ್ರಪಂಚದ ಯಾವ ಮೂಲೇಲಿದ್ರೂ ವಿಮಾನದ ಟಿಕೆಟ್ ಕೊಟ್ಟು ವಾಪಸ್ ಕರೆಸ್ಕೊಂಡು ಟೆಸ್ಟ್ ಮಾಡ್ತಾರೆ, 45ನೇ ವಯಸ್ಸಿನ ಸುತ್ತಿನಲ್ಲಿ ಬದುಕಿದ್ದವರಲ್ಲಿ 94% ಜನ ಬಂದಿದ್ರು. ಅವರಿಂದ ಬಂದ ಒಂದು ಲೆಕ್ಕ ಎಲ್ರೂ ತಿಳ್ಕೋಬೇಕು, 45ರೊಳಗೆ ಇವರಲ್ಲಿ 86% ಜನರಿಗೆ ಯಾವುದಾದ್ರೂ ಒಂದು ಮಾನಸಿಕ ಸಮಸ್ಯೆ, ರೋಗ ಅಂತ ಗುರುತಿಸೋ ಮಟ್ಟದಲ್ಲಿ, ಒಂದಲ್ಲ ಒಂದು ಸಲ ಬಂದಿತ್ತು. ಹಿಂದಿರುಗಿ ನೋಡಿ ನೆನಪಿಂದ ಹೇಳು ಅಂದ್ರೆ ಜನ ಮರೆತಿರ್ತಾರೆ, ಇಲ್ಲಿ ಆಗಾಗ ಕೇಳ್ತಾ ಬಂದಿದ್ದಕ್ಕೆ ನಿಜ ಸಂಖ್ಯೆ ಸಿಕ್ತು. ಜ್ವರ ಬಂದು ಹೋಗೋ ಥರ ಹೆಚ್ಚು ಕಡಿಮೆ ಎಲ್ಲರ ಬದುಕಲ್ಲೂ ಮನಸ್ಸು ಒಂದ್ಸಲ ಮಲಗಿರುತ್ತೆ. ನಾಚ್ಕೊಳೋ ವಿಷಯ ಇದ್ರಲ್ಲಿ ಏನಿದೆ?

ಇದೇ ಗುಂಪಿನಲ್ಲಿ ಇನ್ನೊಂದು ನೋಡಿದ್ರು. ಎಲ್ರಿಗೂ ಹುಟ್ಟಿದ ತಾರೀಖಿನ ಪ್ರಕಾರ 38 ವರ್ಷ, ಆದ್ರೆ ಕಿಡ್ನಿ, ಲಿವರ್, ಶ್ವಾಸಕೋಶ, ಹಲ್ಲಿನ ವಸಡು, ಬಿಪಿ ಎಲ್ಲಾ ಸೇರಿಸಿ ದೇಹದ ವಯಸ್ಸು ಲೆಕ್ಕ ಹಾಕಿದ್ರೆ ಒಬ್ಬರದು 28, ಇನ್ನೊಬ್ಬರದು 61, ಉಳಿದವರು ಮಧ್ಯದಲ್ಲಿ. 2015ರಲ್ಲಿ ಇದು ಪ್ರಕಟ ಆಯ್ತು. ಮುಪ್ಪು ಅನ್ನೋದು 60ಕ್ಕೆ ಬಾಗಿಲು ತಟ್ಟೋ ನೆಂಟ ಅಲ್ಲ, 30ರಲ್ಲೇ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ವೇಗದಲ್ಲಿ ನಡೀತಿರುತ್ತೆ.

ನಡುವಯಸ್ಸಿಗೆ ಬಂದ್ರೆ ಎಲ್ರಿಗೂ ಗೊತ್ತಿರೋ ಪಟ್ಟಿ, ಬಿಪಿ, ಕೊಲೆಸ್ಟರಾಲ್, ಸಿಗರೇಟು, ಓಡಾಟ. ಈ ಪಟ್ಟಿ ಕೊಟ್ಟಿದ್ದು ಬಹುಪಾಲು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಲ್ಲಿ 1948ರಲ್ಲಿ 5,209 ಜನರಿಂದ ಶುರುವಾದ ಅಧ್ಯಯನ, ರಿಸ್ಕ್ ಫ್ಯಾಕ್ಟರ್ ಅನ್ನೋ ಮಾತು ಜನರ ಬಾಯಿಗೆ ಬಂದಿದ್ದೂ 1961ರಲ್ಲಿ ಅವರು ಬರೆದ ಪ್ರಬಂಧದಿಂದ. ಅದ್ರ ಬಗ್ಗೆ ಜಾಸ್ತಿ ಹೇಳಲ್ಲ. ಓಡಾಟದ ಬಗ್ಗೆ ಮಾತ್ರ ಜೆರ್ರಿ ಮಾರಿಸ್ ಅವರ ಕೆಲಸ ಹೇಳ್ಲೇಬೇಕು, ಯಾಕಂದ್ರೆ ಸಂಶೋಧಕರು ತಮ್ಮನ್ನ ತಾವೇ ಹೇಗೆ ಅನುಮಾನಿಸ್ಬೇಕು ಅನ್ನೋದಕ್ಕೂ ಅದು ಒಳ್ಳೆ ಪಾಠ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕೂತಿರ್ತಾರೆ, ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಲು ಹತ್ತಿ ಇಳೀತಾರೆ. 1953ರಲ್ಲಿ ಮಾರಿಸ್ ತೋರಿಸಿದ್ರು, ಡ್ರೈವರ್‌ಗಳಿಗಿಂತ ಕಂಡಕ್ಟರ್‌ಗಳಲ್ಲಿ ಹಾರ್ಟ್ ಅಟ್ಯಾಕ್ ಕಮ್ಮಿ, ಬಂದ್ರೂ ಅಷ್ಟು ಮಾರಕ ಅಲ್ಲ. ಅಲ್ಲಿಗೆ ಸುಮ್ನಿರ್ಲಿಲ್ಲ, ದಪ್ಪ ಇರೋರೇ ಡ್ರೈವರ್ ಕೆಲಸಕ್ಕೆ ಸೇರ್ತಿರ್ಬಹುದಲ್ಲ ಅಂತ ಅನುಮಾನ ಬಂದು, ಕಂಪನಿ ಕೊಡೋ ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆ ತರಿಸಿ ನೋಡಿದ್ರು. ಅನುಮಾನ ನಿಜ ಆಗಿತ್ತು, ಡ್ರೈವರ್‌ಗಳ ಸೊಂಟ ವಯಸ್ಸಲ್ಲಿದ್ದಾಗ್ಲೇ ದಪ್ಪ ಇತ್ತು, ಅದನ್ನೂ 1956ರಲ್ಲಿ ತಾವೇ ಪ್ರಕಟ ಮಾಡಿದ್ರು. ಆಮೇಲೆ ಅದೇ ಸೊಂಟದ ಅಳತೆಯವರನ್ನ ಅದೇ ಅಳತೆಯವರ ಜೊತೆ ಇಟ್ಟು ನೋಡಿದ್ರೂ ಕಂಡಕ್ಟರ್‌ಗಳೇ ವಾಸಿ ಇದ್ರು.

ಈ ಅನುಮಾನ ಇಲ್ದಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಕಹಿ ಉದಾಹರಣೆ ಇದೆ. ಮುಟ್ಟು ನಿಂತ ಹೆಂಗಸರು ಹಾರ್ಮೋನ್ ಮಾತ್ರೆ ತಗೊಂಡ್ರೆ ಹೃದಯಕ್ಕೆ ಒಳ್ಳೇದು ಅಂತ ದೊಡ್ಡ ದೊಡ್ಡ ಕೋಹಾರ್ಟ್ ಸ್ಟಡಿಗಳೇ ಹೇಳಿದ್ವು, ಲಕ್ಷಾಂತರ ಜನ ತಗೊಂಡ್ರು. 2002ರಲ್ಲಿ 16,608 ಹೆಂಗಸರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸ್ತಿದ್ದ ಪ್ರಯೋಗವನ್ನ ಅವಧಿಗೆ ಮುಂಚೆನೇ ನಿಲ್ಲಿಸ್ಬೇಕಾಯ್ತು, ಮಾತ್ರೆ ತಗೊಂಡವರಲ್ಲಿ ಸ್ತನ ಕ್ಯಾನ್ಸರ್, ಸ್ಟ್ರೋಕ್, ಹೃದಯದ ತೊಂದರೆ ಜಾಸ್ತಿ ಇತ್ತು. ಎಲ್ಲಿ ತಪ್ಪಾಗಿತ್ತು ಅಂದ್ರೆ, ತಾವಾಗೇ ಮಾತ್ರೆ ತಗೊಳ್ತಿದ್ದ ಹೆಂಗಸರು ಮೊದ್ಲಿಂದ್ಲೂ ಅನುಕೂಲಸ್ಥರು, ಓದಿದವರು, ಆರೋಗ್ಯ ನೋಡ್ಕೊಳೋರು, ಆ ಒಳ್ಳೇದರ ಕ್ರೆಡಿಟ್ ಮಾತ್ರೆಗೆ ಹೋಗಿತ್ತು. ಯಾವ ವಯಸ್ಸಲ್ಲಿ ಶುರು ಮಾಡ್ತಾರೆ ಅನ್ನೋದರ ಮೇಲೂ ಫಲ ಬೇರೆ ಆಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಹಂಗಾಗಿ ಇಂಥದ್ದು ತಿನ್ನೋರು ಜಾಸ್ತಿ ಬದುಕ್ತಾರೆ ಅಂತ ಸುದ್ದಿ ಬಂದಾಗೆಲ್ಲ, ಅದನ್ನ ತಿನ್ನೋರು ಯಾರು ಅಂತ ಮೊದಲು ಕೇಳ್ಕೊಳ್ಳಿ.

ಮನಸ್ಸು ದೇಹ ಒಂದೇ ಲೆಕ್ಕ ಅನ್ನೋದು ನಡುವಯಸ್ಸಲ್ಲಿ ಇನ್ನೂ ಎದ್ದು ಕಾಣುತ್ತೆ. ಬ್ರಿಟನ್ ಸರ್ಕಾರದ ಆಫೀಸುಗಳ 17,530 ಗಂಡಸರನ್ನ 1967ರಿಂದ ನೋಡಿದ ವೈಟ್‌ಹಾಲ್ ಅಧ್ಯಯನದಲ್ಲಿ ಎಲ್ರಿಗೂ ಪಕ್ಕಾ ಕೆಲಸ, ತಿಂಗಳ ಸಂಬಳ, ಪುಕ್ಕಟೆ ಆಸ್ಪತ್ರೆ. ಆದ್ರೂ ತಳಮಟ್ಟದ ಹುದ್ದೆಯವರು ಹೃದಯದ ಕಾಯಿಲೆಯಿಂದ ಸಾಯೋದು ಮೇಲಿನ ಸಾಹೇಬರಿಗಿಂತ ಸುಮಾರು 3 ಪಟ್ಟು. ಜಾಸ್ತಿ ಜವಾಬ್ದಾರಿ ಇರೋ ಸಾಹೇಬ್ರಿಗೇ ಟೆನ್ಷನ್ನು, ಅವರಿಗೇ ಅಟ್ಯಾಕು ಅಂತ ಎಲ್ರೂ ಅಂದ್ಕೊಂಡಿದ್ದು ಉಲ್ಟಾ ಆಯ್ತು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲಾ ಸೇರಿಸಿದ್ರೂ ಈ ಅಂತರದ ಅರ್ಧದಷ್ಟೂ ವಿವರಿಸೋಕಾಗ್ಲಿಲ್ಲ. ಮೈಕಲ್ ಮಾರ್ಮಟ್ 1985ರಲ್ಲಿ ಹೆಂಗಸರನ್ನೂ ಸೇರಿಸಿ 10,308 ಜನರ ಎರಡನೇ ಸುತ್ತು ಶುರು ಮಾಡಿದ್ರು, ಅಲ್ಲಿ ಸಿಕ್ಕ ಮುಖ್ಯ ಎಳೆ ಏನಂದ್ರೆ, ಮಾಡೋ ಕೆಲಸದ ಮೇಲೆ ತನಗೆ ಎಷ್ಟು ಹಿಡಿತ ಇದೆ ಅನ್ನೋದು. ಕೆಲಸದ ಹೊರೆ ಮೇಲಿಂದ ಬರ್ತಾನೇ ಇರುತ್ತೆ, ಆದ್ರೆ ಯಾವಾಗ, ಹೇಗೆ ಮಾಡ್ಬೇಕು ಅಂತ ತೀರ್ಮಾನಿಸೋ ಅಧಿಕಾರ ಇಲ್ಲ, ಆ ಸ್ಥಿತಿ ಹೃದಯವನ್ನ ತಿನ್ನುತ್ತೆ. ಚಿತೆ ಸತ್ತವರನ್ನ ಸುಡುತ್ತೆ ಚಿಂತೆ ಬದುಕಿದವರನ್ನ ಸುಡುತ್ತೆ ಅಂತ ಹಿರಿಯರು ಹೇಳ್ತಿದ್ದಿದ್ದಕ್ಕೆ ಇಲ್ಲಿ ಅಂಕಿ ಅಂಶ ಸಿಕ್ಕಿದೆ, ಆದ್ರೆ ಚಿಂತೆ ಬಿಡಿ ಅಂತ ಬುದ್ಧಿ ಹೇಳಿದ್ರೆ ಆಗಲ್ಲ, ಚಿಂತೆ ಹುಟ್ಟೋ ಜಾಗ ಸರಿ ಆಗ್ಬೇಕು. ಉಲ್ಟಾ ದಿಕ್ಕಿನಲ್ಲೂ ಹೀಗೇ, ತೀವ್ರ ಮಾನಸಿಕ ಕಾಯಿಲೆ ಇರೋರು ಉಳಿದವರಿಗಿಂತ 10ರಿಂದ 20 ವರ್ಷ ಮುಂಚೆ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಬಹುಪಾಲು ತಡೀಬಹುದಾದ ದೈಹಿಕ ಕಾಯಿಲೆಗಳಿಂದ. ಅವರು ಎದೆ ನೋವು ಅಂದ್ರೂ ಮನಸ್ಸಿನದೇ ಇರ್ಬೇಕು ಅಂತ ತಳ್ಳಿಹಾಕ್ತಾರೆ, ಅದೂ ಒಂದು ಕಾರಣ.

ಇನ್ನು ಮೊದಲು ಹೇಳಿದ 1946ರ ಮಕ್ಕಳಿಗೆ ವಾಪಸ್ ಬರ್ತೀನಿ. ಅವರಿಗೆ ಸುಮಾರು 70 ಆದಾಗ 502 ಜನರನ್ನ ಕರೆಸಿ, ಅವರಲ್ಲಿ ಬಹುಪಾಲು ಜನರ ಮೆದುಳಿನ ಸ್ಕ್ಯಾನ್ ಮಾಡಿದ್ರು. ಬಿಪಿ ದಾಖಲೆ ಅವರ 36ನೇ ವಯಸ್ಸಿಂದ್ಲೂ ಇತ್ತಲ್ಲ, ಪಕ್ಕಪಕ್ಕ ಇಟ್ಟು ನೋಡಿದ್ರೆ 36ರಿಂದ 43ರೊಳಗೆ ಬಿಪಿ ಜಾಸ್ತಿ ಏರಿದವರ ಮೆದುಳು 70ಕ್ಕೆ ಸ್ವಲ್ಪ ಚಿಕ್ಕದಿತ್ತು, 43ರಿಂದ 53ರೊಳಗೆ ಏರಿದವರಲ್ಲಿ ಸಣ್ಣ ರಕ್ತನಾಳಗಳ ಹಾನಿಯ ಬಿಳಿ ಕಲೆಗಳು ಜಾಸ್ತಿ. 40ಕ್ಕೆ ಬಿಪಿ ಯಾರು ಚೆಕ್ ಮಾಡಿಸ್ತಾರೆ ಹೇಳಿ, ಏನೂ ನೋವಿರಲ್ವಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅಂತ ಗಾದೆ ಇದೆ, ಇಲ್ಲಿ ತನಕ ಹೇಳಿದ್ದೆಲ್ಲ ಅದನ್ನೇ ಹೇಳ್ತಿದೆ ಅನ್ನಿಸ್ಬಹುದು. ನಾನು ಆರಂಭದಲ್ಲಿ ಹೇಳಿದ ಇನ್ನೊಂದು ಮಾತು ಇದೇ, ಮರನೂ ಬಗ್ಗುತ್ತೆ. ರಿಚರ್ಡ್ ಡಾಲ್ ಮತ್ತೆ ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ ಡಾಕ್ಟ್ರುಗಳಿಗೇ ನೀವು ಸಿಗರೇಟ್ ಸೇದ್ತೀರಾ ಅಂತ ಕಾಗದ ಬರೆದು, 34,439 ಗಂಡಸರನ್ನ ಹಿಂಬಾಲಿಸೋಕೆ ಶುರು ಮಾಡಿದ್ರು, ಅದು 50 ವರ್ಷ ನಡೀತು. 2004ರಲ್ಲಿ ಕೊನೇ ವರದಿ ಬರೆದಾಗ ಡಾಲ್ ಅವರಿಗೆ 91 ವಯಸ್ಸು. ಸೇದೋರು ಸರಾಸರಿ 10 ವರ್ಷ ಮುಂಚೆ ಸತ್ತಿದ್ರು. ಆದ್ರೆ 30ಕ್ಕೆ ಬಿಟ್ಟವರು ಆ 10 ವರ್ಷ ಪೂರ್ತಿ ವಾಪಸ್ ಪಡೆದಿದ್ರು, 40ಕ್ಕೆ ಬಿಟ್ಟವರು 9, 50ಕ್ಕೆ ಬಿಟ್ಟವರು 6, 60ಕ್ಕೆ ಬಿಟ್ಟವರೂ 3 ವರ್ಷ. ಅರವತ್ತು ವರ್ಷದವರಿಗೆ ಇನ್ನೇನು ಬಿಡ್ತೀರ ಬಿಡಿ ಅನ್ನೋರು ಈ ಮೂರು ವರ್ಷವನ್ನ ನೆನಪಿಟ್ಕೋಬೇಕು.

ಡಿಮೆನ್ಶಿಯಾ ಅಂದ್ರೆ ಅರಳು ಮರಳು, ವಯಸ್ಸಾದ್ಮೇಲೆ ಬರೋದೇ ಅಂತ ಕೈಬಿಡ್ತಿದ್ರು, 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ಕೊಟ್ಟ ವರದಿ ಪ್ರಕಾರ 14 ಕಾರಣಗಳನ್ನ ಸರಿ ಮಾಡಿದ್ರೆ ಸುಮಾರು 45% ಡಿಮೆನ್ಶಿಯಾ ತಡೆಯೋಕೆ ಅಥವಾ ಮುಂದಕ್ಕೆ ಹಾಕೋಕೆ ಸಾಧ್ಯ ಇದೆ. ಆ ಪಟ್ಟಿ ಓದಿದ್ರೆ ಅದರಲ್ಲೂ ಇಡೀ ಆಯಸ್ಸು ಕಾಣುತ್ತೆ, ಚಿಕ್ಕವರಿದ್ದಾಗ ಓದು ಸಿಗದೇ ಇರೋದು, ನಡುವಯಸ್ಸಲ್ಲಿ ಬಿಪಿ, ಕೊಲೆಸ್ಟರಾಲ್, ತಲೆಗೆ ಪೆಟ್ಟು, ಡಿಪ್ರೆಷನ್, ಕಿವಿ ಮಂದ ಆಗೋದು, ಮುಪ್ಪಲ್ಲಿ ಒಂಟಿತನ, ಗಾಳಿ ಮಾಲಿನ್ಯ, ಕಣ್ಣು ಮಂಜಾಗೋದು. ಕಿವಿ ಯಾಕೆ ಅಂತ ಸುಮಾರು ಜನ ಕೇಳ್ತಾರೆ. ಸರಿಯಾಗಿ ಕೇಳ್ಸದವರು ಮಾತು ಕಮ್ಮಿ ಮಾಡ್ತಾರೆ, ನಾಲ್ಕು ಜನ ಸೇರೋ ಕಡೆ ಹೋಗಲ್ಲ, ಮೆದುಳಿಗೆ ಬರ್ತಿದ್ದ ಕೆಲಸಾನೇ ಕಮ್ಮಿ ಆಗುತ್ತೆ, ಹಂಗಾಗಿ ಒಂದು ಹಿಯರಿಂಗ್ ಏಡ್ ಬರೀ ಕಿವಿಗೆ ಹಾಕೋದಲ್ಲ. ಒಂಟಿತನದ ಬಗ್ಗೆ 2010ರಲ್ಲಿ ಜೂಲಿಯನ್ ಹೋಲ್ಟ್-ಲನ್‌ಸ್ಟಡ್ ಮತ್ತೆ ಜೊತೆಯವರು 148 ಅಧ್ಯಯನಗಳ 3 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟು ಸೇರಿಸಿದ್ರು, ಜನರ ಒಡನಾಟ ಗಟ್ಟಿಯಾಗಿದ್ದವರು ಆ ಅವಧೀಲಿ ಬದುಕುಳಿಯೋ ಸಾಧ್ಯತೆ ಇಲ್ಲದವರಿಗಿಂತ 50% ಜಾಸ್ತಿ ಇತ್ತು. 1938ರಿಂದ ನಡೀತಿರೋ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನನೂ ಇದನ್ನೇ ಹೇಳಿದೆ, ಅದರಲ್ಲಿ ಮೊದಲು ಇದ್ದವರೆಲ್ಲ ಬಿಳಿಯ ಗಂಡಸರೇ ಅನ್ನೋದು ನೆನಪಿರ್ಲಿ.

ಕೊನೇದಾಗಿ ಒಂದು ಚಿಕ್ಕ ಅಧ್ಯಯನ, ಬರೀ ಹತ್ತು ಜನರದು. 1990ರಲ್ಲಿ ಮರಿಯಾ ಫಿಯಾಟರೋನೆ ಅನ್ನೋ ಡಾಕ್ಟ್ರು ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಜನರ ಕೈಲಿ ಕಾಲಿನ ಭಾರ ಎತ್ತೋ ವ್ಯಾಯಾಮ ಮಾಡಿಸಿದ್ರು, ಅದೂ ಆಟಕ್ಕೆ ಮಾಡಿಸೋ ಹಗುರ ಭಾರ ಅಲ್ಲ, ಅವರಿಗೆ ನಿಜವಾಗ್ಲೂ ಕಷ್ಟ ಆಗೋ ಭಾರ. ಒಬ್ರು ಮಧ್ಯದಲ್ಲಿ ಬಿಟ್ರು. ಉಳಿದವರ ಕಾಲಿನ ಶಕ್ತಿ 8 ವಾರದಲ್ಲಿ ಸರಾಸರಿ 174% ಏರಿತ್ತು, ಕೋಲು ಹಿಡಿದು ನಡೀತಿದ್ದವರಲ್ಲಿ ಇಬ್ಬರು ಕೋಲು ಬಿಟ್ರು. ವ್ಯಾಯಾಮ ನಿಲ್ಲಿಸಿ 4 ವಾರ ಆದ್ಮೇಲೆ ಮತ್ತೆ ಅಳೆದಾಗ ಮೂರನೇ ಒಂದು ಭಾಗದಷ್ಟು ಶಕ್ತಿ ವಾಪಸ್ ಇಳಿದಿತ್ತು.